ಒಂದೇ ಕಡೆ ತೆರೆದ ಪುಸ್ತಕ

ಮನೆ, ಅಡುಗೆಮನೆಯ ಮೇಜು
ಭಾನುವಾರ, ತಾರೀಖು ಹದಿನಾಲ್ಕು, ಬೆಳಿಗ್ಗೆ

ಪ್ರೀತಿಯ ಇವಳೇ,

ಬಾಯಲ್ಲಿ ಕರೆಯುವಾಗ ಇಷ್ಟು ವರ್ಷ ಸರಿಯಾಗಿಯೇ ಇತ್ತು, ಕಾಗದದ ಮೇಲೆ ಬರೆದರೆ ಯಾಕೋ ಪಕ್ಕದ ಮನೆಯವರನ್ನು ಕರೆದ ಹಾಗಿದೆ. ಇರಲಿ, ಬೇರೆ ಹೇಗೆ ಕರೆಯಬೇಕೆಂದು ನನಗೆ ತಿಳಿಯದು. ಹೇಗಿದ್ದೀಯಾ? ಮಂಡಿನೋವು ಹೇಗಿದೆ? ನಿಮ್ಮಕ್ಕನ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಸುಮ್ಮಸುಮ್ಮನೆ ಹತ್ತಿ ಇಳಿಯಬೇಡ. ನಿದ್ದೆ ಬರುತ್ತಿದೆಯಾ? ನಿಮ್ಮ ಭಾವನವರ ಕೆಮ್ಮು ನಿಂತಿತಾ? ನಾನು ಚೆನ್ನಾಗಿದ್ದೇನೆ. ಎರಡು ಹೊತ್ತೂ ಬೇಯಿಸಿಕೊಳ್ಳುತ್ತೇನೆ. ಉಪ್ಪು ಒಂದು ದಿನ ಹೆಚ್ಚಾಗುತ್ತದೆ, ಒಂದು ದಿನ ಮರೆತೇ ಹೋಗುತ್ತದೆ. ಎರಡು ದಿನದ್ದೂ ಕೂಡಿಸಿದರೆ ಸರಿಯಾಗಿರುತ್ತದೆ. ಹಿತ್ತಿಲ ನಲ್ಲಿಗೆ ಹೊಸ ವಾಷರ್ ಹಾಕಿಸಿದೆ, ಈಗ ತೊಟ್ಟಿಕ್ಕುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನೂ ಸುಮ್ಮನಿರುತ್ತೀಯ, ನಾನೂ ಸುಮ್ಮನಿರುತ್ತೇನೆ, ಕೊನೆಗೆ ನಿಮ್ಮಕ್ಕ ಬಂದು "ಲೈನು ಕಟ್ಟಾಯ್ತೇನೋ" ಅಂತ ಇಟ್ಟುಬಿಡುತ್ತಾರೆ. ದಿನಚರಿಯಲ್ಲಿ ನನ್ನ ನಾಲ್ಕು ಸಾಲು ಎಂದಿನಂತೆ ನಡೆದಿದೆ. ಆದರೆ ದಿನಚರಿ ತಿರುಗಿ ಮಾತಾಡುವುದಿಲ್ಲ, ಬೈಯುವುದಂತೂ ಇಲ್ಲವೇ ಇಲ್ಲ. ಅದಕ್ಕೇ ಈ ಕಾಗದ.

ಹೋಗುವ ದಿನ ಬಾಗಿಲಲ್ಲಿ ಚೀಲ ಹಿಡಿದು ನಿಂತು ನೀನು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ಆ ಪುಸ್ತಕಗಳು ಇರೋ ತನಕ ನಾನು ಈ ಮನೆಗೆ ಕಾಲಿಡಲ್ಲ ರೀ. ಅವು ಹೋದ ಮೇಲೆ ಹೇಳಿ ಕಳಿಸಿ." ನಾನು ಹೂಂ ಅಂದೆ. ನಮ್ಮ ಕುಳ್ಳಿ ತೀರಿಕೊಂಡ ಮೇಲೆ ನೀನು ಅತ್ತದ್ದಕ್ಕಿಂತ ಅವಳ ಕಪಾಟಿನ ಮೇಲೆ ಸಿಟ್ಟು ಮಾಡಿದ್ದೇ ಹೆಚ್ಚು. ನಿನ್ನ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಫ್ಯಾಕ್ಟರಿಗೆ ರಜೆ ಹಾಕಿ, ನಿನ್ನ ಕೈಕೆಳಗಿನ ಬಿಸ್ಕತ್ತು ಪ್ಯಾಕಿಂಗಿನ ಅಷ್ಟೂ ಹೆಂಗಸರನ್ನು ಅವರ ಪಾಡಿಗೆ ಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಅವಳ ಮಂಚದ ಪಕ್ಕ ಕೂತವಳು ನೀನು. ಅವಳೋ ದಿಂಬಿಗೊರಗಿ, ಮೊಣಕಾಲ ಮೇಲೆ ಪುಸ್ತಕ ನಿಲ್ಲಿಸಿ, ಅದರೊಳಗೆ ಮುಖ ಹುದುಗಿಸಿಬಿಟ್ಟಿದ್ದಳು. ಆ ದಪ್ಪ ಪುಸ್ತಕವನ್ನು ತಂದುಕೊಟ್ಟವಳೂ ನೀನೇ ಅನ್ನುವುದು ಇನ್ನೊಂದು ಉರಿ. ಕೊನೆಯ ಎರಡು ತಿಂಗಳು ಅದೊಂದೇ. ಸಂಜೆ ನಾನು ಗ್ರಂಥಾಲಯದಿಂದ ಬಂದರೆ ನೀನು ಒಲೆ ಮುಂದೆ ನಿಂತು, "ಎದುರಿಗೆ ಕೂತಿರೋ ತಾಯಿ ಬೇಡ, ಇಲ್ಲದ ಲೋಕದ ಹೆಂಗಸು ಬೇಕು ನಿಮ್ಮ ಮಗಳಿಗೆ" ಅನ್ನುತ್ತಿದ್ದೆ. ಏನಿದೆಯೇ ಅದರಲ್ಲಿ ಅಂಥಾದ್ದು ಅಂತ ನೀನು ಕೇಳಿದರೆ, ಪುಸ್ತಕ ಇಳಿಸದೆಯೇ, "ಒಬ್ಬಳು ಬಾಯಿ ಜೋರಿನ ಹೆಂಗಸಮ್ಮ, ಡ್ರ್ಯಾಗನ್ನುಗಳಿಗೆ ಬೈದು ಸಾಲಾಗಿ ನಿಲ್ಲಿಸ್ತಾಳೆ, ಅವು ಬಾಲ ಮುದುರಿಕೊಂಡು ನಿಲ್ತವೆ" ಅಂದಳಂತೆ. ದಿನಾ ಅಷ್ಟಷ್ಟು ಹೇಳುತ್ತಿದ್ದಳಂತೆ. ನೀನು ಸಿಟ್ಟಿನಲ್ಲಿ ಹೇಳುತ್ತಿದ್ದೆ, ನಾನು ಕೈ ತೊಳೆದು ಊಟಕ್ಕೆ ಕೂರುತ್ತಿದ್ದೆ.

ಪುಸ್ತಕಗಳನ್ನು ಕೊಟ್ಟುಬಿಡುತ್ತೇನೆಂದು ನಮ್ಮ ಗ್ರಂಥಪಾಲಕಿಗೆ ಹೇಳಿದೆ. ಆಕೆ, "ಕೊಡಿ, ಹುಡುಗರು ಕಾಯ್ತಾ ಇರ್ತಾರೆ. ಆದರೆ ಬಗೆ ಬಗೆಯಾಗಿ ಬೇರೆ ಮಾಡಿ ಕೊಡಿ. ಮಾಯದ ಕಥೆ ಅಂತ ಎಲ್ಲಾನೂ ಒಂದೇ ಮೂಟೆ ಕಟ್ಟಿದರೆ ಓದೋರು ನನ್ನನ್ನ ಬೈತಾರೆ" ಅಂದರು. ಆಗ ನೀನು ಪುಸ್ತಕದಂಗಡಿಗೆ ಹೋದದ್ದು ನೆನಪಾಯಿತು. "ದೆವ್ವ ಭೂತದ್ದು, ದಪ್ಪಗಿರೋದು ಯಾವುದಾದರೂ ಕೊಡಿ" ಅಂದೆಯಂತೆ, ಅಂಗಡಿಯವನು ಯಾವ ಬಗೆಯದು ಅಂತ ಕೇಳಿದನಂತೆ. ಮನೆಗೆ ಬಂದು, "ಅದರಲ್ಲೂ ಬಗೆ ಇದೆಯಂತೆ ರೀ, ಬಟ್ಟೆ ಅಂಗಡಿಗಿಂತ ಕಡೆಯಾಯ್ತು" ಅಂದಿದ್ದೆ. ಕುಳ್ಳಿ ಅವತ್ತು ನಕ್ಕಿದ್ದಳು. ಆಮೇಲೆ ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ಅವಳು ಬೇರೆ ಬೇರೆಯಾಗಿಯೇ ಜೋಡಿಸಿಟ್ಟಿದ್ದಳು, ಅವಳು ಹೋದ ಮೇಲೆ ನೀನು ಸಿಟ್ಟಿನಲ್ಲಿ ಎಲ್ಲವನ್ನೂ ಎಳೆದು ನೆಲಕ್ಕೆ ಹಾಕಿದೆ. ಹಾಗಾಗಿ ಕೆಲಸ ಮೊದಲಿನಿಂದ ಶುರು. ಜೀವಮಾನವೆಲ್ಲ ಪುಸ್ತಕ ಹೊಲಿದವನು ನಾನು, ಓದಿದವನಲ್ಲ. ಪುಟ ಹಿಂದುಮುಂದಾಗಿದೆಯೇ ಅಂತ ನೋಡುತ್ತೇನೆ, ಅಷ್ಟೇ. "ಅಪ್ಪ ಪುಸ್ತಕದ ಡಾಕ್ಟರು, ರೋಗಿ ಹೆಸರು ಮಾತ್ರ ಕೇಳಲ್ಲ" ಅಂತ ಆಡಿಕೊಳ್ಳುತ್ತಿದ್ದಳಲ್ಲ. ಕೆಲಸ ಮುಗಿಸಿ ಬಂದು ಅವಳ ಕೋಣೆಯ ನೆಲದ ಮೇಲೆ ಕೂತು, ತುಟಿ ಅಲ್ಲಾಡಿಸುತ್ತ ಒಂದೊಂದೇ ಓದಿದೆ. ಬರೀ ಓದಿದರೆ ನನಗೆ ಅರ್ಥವಾಗುತ್ತಿರಲಿಲ್ಲವೇನೋ, ಹರಿದ ಜಾಗ ನೋಡಿದ ಮೇಲೆ ಅರ್ಥವಾಯಿತು.

ಬೇರೆಯೇ ಒಂದು ಲೋಕ ಕಟ್ಟಿ, ಅಲ್ಲಿ ರಾಜರು, ಸೈನ್ಯ, ನೂರು ವರ್ಷದ ಹಗೆ ಅಂತ ನಾಲ್ಕು ನಾಲ್ಕು ಸಂಪುಟ ಓಡುವವು ಒಂದು ಬಗೆ. ಇವುಗಳ ಮೊದಲಿಗೆ ನಕ್ಷೆ ಇರುತ್ತದೆ, ಹರಿಯುವುದೂ ಅದೇ ಮೊದಲು. ಓದುವವರು ದಾರಿ ತಪ್ಪಿದಾಗಲೆಲ್ಲ ಹಿಂದಕ್ಕೆ ಬಂದು ನೋಡುತ್ತಾರೆ. ಕೆಲಸದಲ್ಲಿ ಅಂಥ ನಕ್ಷೆಗಳಿಗೆ ಎಷ್ಟೋ ಸಲ ಬಟ್ಟೆ ಅಂಟಿಸಿದ್ದೇನೆ, ಯಾವ ದೇಶದ್ದು ಅಂತ ಒಮ್ಮೆಯೂ ಕೇಳಲಿಲ್ಲ. ಇನ್ನೊಂದು ಬಗೆಯಲ್ಲಿ ನಮ್ಮ ನಿಮ್ಮಂಥವರೇ ಯಾವುದೋ ಬಾಗಿಲು ತೆರೆದು ಆ ಕಡೆಯ ಲೋಕಕ್ಕೆ ಹೋಗಿಬಿಡುತ್ತಾರೆ. ಒಂದರಲ್ಲಿ ಹುಡುಗಿಯೊಬ್ಬಳು ಹತ್ತಿದ ಲಿಫ್ಟು, ಆ ಕಟ್ಟಡದಲ್ಲಿ ಇಲ್ಲವೇ ಇಲ್ಲದ ಮಹಡಿಯಲ್ಲಿ ನಿಲ್ಲುತ್ತದೆ. ಆ ಹುಡುಗಿ ಅಲ್ಲಿ ಮುದುಕಿಯಾಗುವಷ್ಟು ಕಾಲ ಬದುಕಿ ತಿರುಗಿ ಬಂದರೆ, ಇಲ್ಲಿ ಒಲೆ ಮೇಲಿನ ಹಾಲು ಇನ್ನೂ ಉಕ್ಕಿರುವುದಿಲ್ಲ. ಅದನ್ನು ಓದಿ ಮುಚ್ಚಿಟ್ಟು ಹೊರಗೆ ಹೋಗಿ ನಿಂತೆ. ಆ ಬಗೆಯದನ್ನು ಮುಂದೆ ನನ್ನಿಂದ ಓದಲಾಗಲಿಲ್ಲ, ಮೊದಲ ಪುಟ ನೋಡಿಯೇ ಪೆಟ್ಟಿಗೆಗೆ ಹಾಕಿದೆ.

ನಮ್ಮ ಊರಿನಂಥ ಊರಲ್ಲೇ, ಬಸ್ಸು, ಆಫೀಸು, ಬಾಡಿಗೆ ಮನೆಗಳ ನಡುವೆ ಮಾಯೆ ನಡೆಯುವ ಕಥೆಗಳೂ ಇವೆ. ಇಸ್ತ್ರಿ ಅಂಗಡಿಯವಳು ಮಾಟಗಾತಿ, ಗಿರಾಕಿಗಳ ಅಂಗಿಯ ಮಡಿಕೆಯೊಳಗೆ ಅವರ ನಾಳೆಯನ್ನು ಕಾಣುತ್ತಾಳೆ. ಇವುಗಳ ಮೂಲೆಗಳೆಲ್ಲ ಮಡಚಿವೆ, ಕುಳ್ಳಿ ಕಾಲೇಜಿನ ಬಸ್ಸಿನಲ್ಲಿ ನಿಂತೇ ಓದುತ್ತಿದ್ದಳಲ್ಲ. ನಗಿಸುವವುಗಳಲ್ಲಿ ಎಣ್ಣೆ ಕಲೆ, ಊಟದ ತಟ್ಟೆ ಪಕ್ಕ ಇಟ್ಟುಕೊಂಡವು. ಅದಕ್ಕೆ ನಿನ್ನಿಂದ ಎಷ್ಟು ಬೈಸಿಕೊಂಡಳೋ. ಯಾರೂ ಒಳ್ಳೆಯವರಲ್ಲ, ಕೊನೆಗೆ ಯಾರೂ ಉಳಿಯುವುದಿಲ್ಲ ಅನ್ನುವ ಕತ್ತಲೆಯ ಕಥೆಗಳು ಅರ್ಧದವರೆಗೆ ಕೊಳೆಯಾಗಿ ಮುಂದೆ ಹೊಸದರ ಹಾಗಿವೆ. ಗ್ರಂಥಾಲಯದಲ್ಲೂ ಅವು ಹಾಗೇ ಬರುತ್ತವೆ. ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ ಅಂತ ಕಾಣುತ್ತದೆ.

ಒಂದು ಮಾತು ಹೇಳುತ್ತೇನೆ, ಬೈಯಬೇಡ. ಕಪಾಟಿನ ಹಿಂದಿನ ಸಾಲಿನಲ್ಲಿ ರಸಾಯನಶಾಸ್ತ್ರ ಅಂತ ಬರೆದ ದಪ್ಪ ರಟ್ಟಿನವು ಇದ್ದವಲ್ಲ, ರಟ್ಟು ಹಾಕಿಕೊಟ್ಟವನು ನಾನೇ. ಒಳಗೆ ಬರೀ ಪ್ರೇಮ. ಕೊಂಬಿರುವ ರಾಜಕುಮಾರ, ಅವನನ್ನು ಕೊಲ್ಲಲು ಬಂದ ಹುಡುಗಿ, ಕೊಲ್ಲುವುದು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾಳೆ. ನಡುವಿನ ಕೆಲವು ಹಾಳೆಗಳು ಹೊಲಿಗೆ ಬಿಟ್ಟುಕೊಂಡಿದ್ದವು, ಅವನ್ನೇ ಅಷ್ಟು ಸಲ ತಿರುವಿದ್ದಾಳೆ. ನಾನು ಕಣ್ಣು ಮುಚ್ಚಿಕೊಂಡು ಹೊಲಿದು ಕೊಟ್ಟೆ ಅಂದುಕೋ.

ಇನ್ನು ಏನೂ ಆಗದ ಕಥೆಗಳು. ಯುದ್ಧವಿಲ್ಲ, ಶಾಪವಿಲ್ಲ. ಮುದಿ ಮಾಂತ್ರಿಕನೊಬ್ಬ ಕೆಲಸ ಬಿಟ್ಟು ಸಾಬೂನಿನ ಅಂಗಡಿ ಇಡುತ್ತಾನೆ, ಅವನ ದೊಡ್ಡ ಕಷ್ಟವೆಂದರೆ ಸೋರುವ ಸೂರು. ಆಸ್ಪತ್ರೆಯ ಬೆಂಚಿನ ಮೇಲೆ ನಂಬರು ಕರೆಯುವವರೆಗೆ ಅವಳು ಓದುತ್ತಿದ್ದದ್ದು ಇವನ್ನೇ. ಪುಟಗಳಲ್ಲಿ ಇನ್ನೂ ಅಲ್ಲಿ ಕೈಗೆ ಹಾಕುವ ಔಷಧಿಯ ವಾಸನೆ ಇದೆ. ಇನ್ನೊಂದು ಬಗೆಗೆ ಏನು ಹೆಸರಿಡಬೇಕೋ ನನಗೆ ಹೊಳೆಯಲಿಲ್ಲ. ಎಲ್ಲ ನಮ್ಮ ಮನೆಯ ಹಾಗೇ ಇರುತ್ತದೆ, ಒಂದೇ ಒಂದು ವಿಷಯ ಆಗಬಾರದ್ದು ಆಗುತ್ತದೆ, ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ. ಸತ್ತ ಅಜ್ಜ ದಿನಾ ಬೆಳಿಗ್ಗೆ ಬಂದು ಪೇಪರು ಕೇಳುತ್ತಾನೆ. ಸೊಸೆ, "ಒಂದು ನಿಮಿಷ ಇರಿ ಮಾವ, ಇವರು ಓದಿ ಕೊಡ್ತಾರೆ" ಅನ್ನುತ್ತಾಳೆ. ಮಾರನೆಯ ಬೆಳಿಗ್ಗೆ ನಾನು ಮೂರು ಲೋಟಕ್ಕೆ ಟೀ ಸೋಸಿದೆ. ದಿನಚರಿಯಲ್ಲಿ ಇದನ್ನು ಬರೆದಿಲ್ಲ.

ಪೆಟ್ಟಿಗೆಗಳ ಮೇಲೆ ನನಗೆ ತೋಚಿದ ಹೆಸರು ಬರೆದೆ: ನಕ್ಷೆ, ಬಾಗಿಲು, ಬಸ್ಸು, ನಗು, ಅರ್ಧಕ್ಕೆ ಬಿಡುವವು, ಏನೂ ಆಗುವುದಿಲ್ಲ. ಪ್ರೇಮದ್ದರ ಮೇಲೆ ರಸಾಯನಶಾಸ್ತ್ರ ಅಂತಲೇ ಬಿಟ್ಟೆ. ಗ್ರಂಥಪಾಲಕಿ ನೋಡಿ, ಇವಕ್ಕೆಲ್ಲ ಬೇರೆ ಹೆಸರುಗಳಿವೆ, ಆಮೇಲೆ ಹಾಕಿಕೊಳ್ಳೋಣ ಅಂದರು. ನಿನ್ನೆ ವ್ಯಾನು ಬಂದು ತೆಗೆದುಕೊಂಡು ಹೋಯಿತು. ಕಪಾಟು ಖಾಲಿಯಾಗಿದೆ, ಅದರ ಹಿಂದಿನ ಗೋಡೆಯ ಬಣ್ಣ ಇನ್ನೂ ಹೊಸದರ ಹಾಗಿದೆ. ಹೋದವು, ಹೇಳಿ ಕಳಿಸಿ ಅಂದಿದ್ದೆಯಲ್ಲ, ಹೇಳಿದ್ದೇನೆ. ಬರುವುದು ಬಿಡುವುದು ನಿನ್ನ ಮನಸ್ಸು. ಕೋಣೆ ಈಗ ದೊಡ್ಡದಾಗಿ ಕಾಣುತ್ತದೆ. ನನಗೆ ಅಷ್ಟು ದೊಡ್ಡ ಮನೆಯಲ್ಲಿ ಇದ್ದು ಅಭ್ಯಾಸವಿಲ್ಲ.

ಅಕ್ಕನಿಗೂ ಭಾವನವರಿಗೂ ನನ್ನ ನಮಸ್ಕಾರ ಹೇಳು. ಮಾತ್ರೆ ತಪ್ಪಿಸಬೇಡ. ದೇವರು ನಿನಗೆ ಒಂದಿಷ್ಟು ನಿದ್ದೆ ಕೊಡಲಿ, ಸದ್ಯಕ್ಕೆ ಅವನನ್ನು ನಾನು ಕೇಳುವುದು ಅಷ್ಟೇ.

ನಿನ್ನ
ಇವರು

ಲಕೋಟೆ ಅಂಟಿಸುವ ಮುಂಚೆ: ಎಲ್ಲ ಹೋದವು ಅಂತ ಮೇಲೆ ಬರೆದೆ. ಒಂದು ಹೋಗಿಲ್ಲ. ನೀನು ತಂದುಕೊಟ್ಟ ಆ ದಪ್ಪದ್ದು. ಇದನ್ನು ನಿನಗೆ ಹೇಳಬೇಕೋ ಬೇಡವೋ ಅಂತ ವಾರದಿಂದ ಒದ್ದಾಡಿದೆ, ಹೇಳಿದರೆ ನೋವು, ಹೇಳದಿದ್ದರೆ ಅದಕ್ಕಿಂತ ಹೆಚ್ಚು. ಅದು ಓದಿದ ಪುಸ್ತಕವಲ್ಲ ಕಣೇ. ಎರಡು ತಿಂಗಳು ಓದಿದ ಪುಸ್ತಕದ ಬೆನ್ನು ಹಾಗಿರುವುದಿಲ್ಲ. ಒಂದೇ ಒಂದು ಕಡೆ ಮುರಿದಿದೆ, ಅದೂ ಶುರುವಿನಲ್ಲೇ. ಅಲ್ಲಿಂದ ಮುಂದಿನ ಹಾಳೆಗಳು ಯಂತ್ರದಲ್ಲಿ ಅಂಚು ಕತ್ತರಿಸಿದಾಗ ಅಂಟಿಕೊಂಡ ಹಾಗೇ ಇದ್ದವು, ನಾನು ಬೆರಳು ಹಾಕಿ ಬಿಡಿಸಿದೆ. ತೆರೆದ ಆ ಎರಡು ಪುಟಗಳ ಕೆಳಗೆ ಹೆಬ್ಬೆರಳ ಜಿಡ್ಡು. ಎರಡೂ ಒದ್ದೆಯಾಗಿ ಒಣಗಿ ಸುಕ್ಕುಗಟ್ಟಿವೆ. ಲೋಟದ ನೀರು ಚೆಲ್ಲಿದರೆ ಅಂಚಿನಿಂದ ಹರಡಿದ ಗೆರೆ ಇರುತ್ತದೆ, ಇದು ಹನಿ ಹನಿಯಾಗಿ ಬಿದ್ದದ್ದು. ಅವಳು ಓದುತ್ತಿರಲಿಲ್ಲ. ನೋವು ಬಂದಾಗ ಮುಖ ನಿನಗೆ ಕಾಣದಿರಲಿ ಅಂತ ಅಡ್ಡ ಹಿಡಿದಿದ್ದಳು.

ಆ ಪುಸ್ತಕವನ್ನು ನಾನು ಕೊನೆಯ ಪುಟದವರೆಗೂ ಓದಿದೆ. ಬಾಯಿ ಜೋರಿನ ಹೆಂಗಸು ಅದರಲ್ಲಿ ಇಲ್ಲ. ಡ್ರ್ಯಾಗನ್ನೂ ಇಲ್ಲ, ಬರೀ ಕುದುರೆಗಳು. ಸಾಲಾಗಿ ನಿಲ್ಲಿಸಿ ಬೈಯುವವಳು ಯಾರೆಂದು ನಿನ್ನ ಪ್ಯಾಕಿಂಗಿನ ಹೆಂಗಸರನ್ನು ಕೇಳಿದರೆ ಹೇಳುತ್ತಾರೆ. ಆ ಕಥೆ ಎಲ್ಲೂ ಅಚ್ಚಾಗಿಲ್ಲ, ನಿನಗೊಬ್ಬಳಿಗೇ ಹೇಳಿದ್ದು. ಪುಸ್ತಕ ಬೇಡವೇ ಬೇಡ ಅಂದರೆ ಕೊಟ್ಟುಬಿಡುತ್ತೇನೆ. ಆದರೆ ಅದನ್ನು ಪ್ರೆಸ್ಸಿಗಿಟ್ಟು ಸುಕ್ಕು ಬಿಡಿಸಲು ನನ್ನಿಂದ ಆಗುವುದಿಲ್ಲ, ಅದೊಂದು ಹೇಳಬೇಡ. ಡ್ರ್ಯಾಗನ್ನುಗಳು ಸಾಲಿನಲ್ಲಿ ನಿಂತ ಮೇಲೆ ಏನಾಯಿತು? ನಾನು ಊಟಕ್ಕೆ ಕೂತುಬಿಡುತ್ತಿದ್ದೆ, ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಬರೆಯಲು ಆಗದಿದ್ದರೆ ಬಂದು ಹೇಳು.