ಕವರಿನ ಬಾಯಿಗೆ ಕತ್ತರಿ

ಫೆಬ್ರವರಿ 3, 2025. ಸೋಮವಾರ

ಒಂಬತ್ತೂವರೆಗೆ ನಮ್ಮ ಆರೋಗ್ಯ ಕೇಂದ್ರದ ಫಾರ್ಮಸಿ ಕಿಟಕಿ ತೆಗೆದೆ, ಒಂದೂವರೆಗೆ ಮುಚ್ಚಿದೆ. ನೂರಾ ಹನ್ನೆರಡು ಚೀಟಿ. ಬಿಪಿ, ಶುಗರ್, ಕೆಮ್ಮು, ಮತ್ತೆ ಬಿಪಿ. ಸೋಮವಾರ ಬಂತೆಂದರೆ ಚಾಮರಾಜಪೇಟೆಗೆಲ್ಲ ಒಟ್ಟಿಗೆ ಕಾಯಿಲೆ ಬರುತ್ತದೆ.

ಒಂದು ವಿಚಿತ್ರ. ಅಜ್ಜಿಯೊಬ್ಬರು ಚೀಟಿ ಹುಡುಕಲು ಬ್ಯಾಗನ್ನೆಲ್ಲ ಕೌಂಟರ್ ಮೇಲೆ ಸುರಿದರು. ಹೋದ ತಿಂಗಳ ಖಾಲಿ ಮಾತ್ರೆ ಕವರುಗಳು ಬಿದ್ದವು. ನಮ್ಮದೇ ಕವರು, ನನ್ನದೇ ಅಕ್ಷರ. ಆದರೆ ಬಾಯಿ ಮಡಚುವ ಪಟ್ಟಿಗೆ ಯಾರೋ ಕತ್ತರಿ ಹಾಕಿದ್ದಾರೆ. ಒಂದಕ್ಕೆ ಎಡ ಮೂಲೆ ಇಲ್ಲ. ಇನ್ನೊಂದಕ್ಕೆ ಎರಡೂ ಮೂಲೆ ಇಲ್ಲ.

"ಇದ್ಯಾರಮ್ಮಾ ಕತ್ರಿಸಿದ್ದು?"

"ಅದು ಗುರ್ತು ಕಣಪ್ಪಾ" ಅಂದು ಹೊರಟೇ ಹೋದರು.

ಯಾರ ಗುರುತು? ಎಂಥ ಗುರುತು? ಮನೆಗೆ ಬಂದು ಚೈತನ್ಯಾಗೆ ಹೇಳಿದರೆ, "ನಿಮ್ಗೆ ಎಲ್ಲಾದ್ರೂ ಮೂಗು ತೂರಿಸದಿದ್ರೆ ತಿಂದಿದ್ದು ಜೀರ್ಣ ಆಗಲ್ಲ ಅಲ್ವಾ?" ಅಂದಳು. ಹೆಂಡತಿಯಿಂದ ಇಷ್ಟೇ ಪ್ರೋತ್ಸಾಹ.

ಫೆಬ್ರವರಿ 4, ಮಂಗಳವಾರ

ಬಂದವರನ್ನೆಲ್ಲ "ಹಳೇ ಕವರ್ ಇದ್ರೆ ತೋರ್ಸಿ" ಎಂದು ಕೇಳಿದೆ. ಹದಿನಾಲ್ಕು ಸಿಕ್ಕವು. ಒಂಬತ್ತಕ್ಕೆ ಕತ್ತರಿ ಬಿದ್ದಿದೆ. ಮೂರು ಕವರುಗಳಿಗೆ ಪಟ್ಟಿಯ ನಡುವೆ ಕಚ್ಚು, ಮೂಲೆಗಳು ಹಾಗೇ ಇವೆ. ಇಲಿಯ ಕೆಲಸವಲ್ಲ, ಮಕ್ಕಳಾಟವೂ ಅಲ್ಲ. ಒಂದು ಲೆಕ್ಕಾಚಾರ ಇದೆ.

ಸಿಸ್ಟರ್ ಶಕುಂತಲಮ್ಮ ಇಂಜೆಕ್ಷನ್ ರೂಮಿನಿಂದಲೇ ನೋಡಿ ನಕ್ಕರು. "ಕೈಲಾಸ್, ಕೆಲ್ಸ ಕಮ್ಮಿ ಆಗಿದ್ರೆ ಹೇಳ್ರಿ. ಲಸಿಕೆ ಲಿಸ್ಟ್ ಕೊಡ್ತೀನಿ."

ಫೆಬ್ರವರಿ 6, ಗುರುವಾರ

ಸಿಕ್ಕಿಬಿಟ್ಟರು!

ಆಂಜಿನಯ್ಯ ಬಂದಿದ್ದರು. ಎಪ್ಪತ್ತು ದಾಟಿದೆ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ನಲವತ್ತು ವರ್ಷ ಕಟಿಂಗ್ ಮಷೀನ್ ನಡೆಸಿದವರು. ಶುಗರ್ ಹೆಚ್ಚಾಗಿ ಐದು ವರ್ಷದಿಂದ ಎರಡೂ ಕಣ್ಣಿಲ್ಲ. ಮನೆಯಲ್ಲಿ ಒಬ್ಬರೇ. ಆಟೊ ಹತ್ತಿ ಒಬ್ಬರೇ ಬರುತ್ತಾರೆ. ಮೂರು ಕವರು ಕೊಟ್ಟು, ಯಾವುದು ಯಾವಾಗ ಎಂದು ಎಂದಿನಂತೆ ಗಟ್ಟಿಯಾಗಿ ಹೇಳಿದೆ. ತಲೆಯಾಡಿಸಿ ಹೋದರು. ಇಷ್ಟು ವರ್ಷ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಕಣ್ಣಿಲ್ಲದವರು ಮನೆಗೆ ಹೋಗಿ ಮೂರು ಕವರನ್ನು ಹೇಗೆ ಗುರುತಿಸುತ್ತಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಾಚಿಕೆಯಾಗಬೇಕು ನನಗೆ.

ಇವತ್ತು ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದೆ. ಆಂಜಿನಯ್ಯ ಬೆಂಚಿನ ಮೇಲೆ ಕೂತರು. ಕಸ ಗುಡಿಸುವ ಬೈರಮ್ಮ ಬಂದರು. ಏಜೆನ್ಸಿ ಕಡೆಯ ಕಾಂಟ್ರಾಕ್ಟ್ ಹೆಂಗಸು, ನೀಲಿ ಕೋಟು. ಒರೆಸುವ ಕೋಲನ್ನು ಗೋಡೆಗೆ ಒರಗಿಸಿದರು. ಸೋಪು ಹಾಕಿ ಕೈ ತೊಳೆದರು. ಕೋಟಿನ ಜೇಬಿನಿಂದ ಕತ್ತರಿ ತೆಗೆದು ಚಕ್, ಚಕ್, ಚಕ್. ಆಂಜಿನಯ್ಯ ಒಂದೊಂದನ್ನೇ ಬೆರಳಲ್ಲಿ ಸವರಿ ಜೇಬಿಗೆ ಹಾಕಿಕೊಂಡರು.

ಅವರ ಹಿಂದೆ ಇನ್ನೂ ನಾಲ್ಕು ಜನ. ನನ್ನ ಕಿಟಕಿ ಮುಂದೆ ಒಂದು ಕ್ಯೂ, ಬೈರಮ್ಮನ ಮುಂದೆ ಇನ್ನೊಂದು!

ಫೆಬ್ರವರಿ 7, ಶುಕ್ರವಾರ

ಕರೆದು ಕೇಳಿದೆ. ನನ್ನ ದನಿಯೇ ಸ್ವಲ್ಪ ಪೊಲೀಸಿನವರ ದನಿ, ಏನು ಮಾಡಲಿ. ಹೆದರಿಬಿಟ್ಟರು.

"ನಾನೇನೂ ಮಾಡಿಲ್ಲ ಸಾರ್. ಮಾತ್ರೆ ಮುಟ್ಟಲ್ಲ ಸಾರ್, ಬರೀ ಪೇಪರ್ರು."

"ಬೈತಿಲ್ಲ ಬೈರಮ್ಮ. ಇದರ ಅರ್ಥ ಏನು ಹೇಳಿ ಅಷ್ಟೆ."

ಅರ್ಧ ಗಂಟೆ ಬೇಕಾಯಿತು ಬಾಯಿ ಬಿಡಿಸಲು. ಮಡಚಿದ ಪಟ್ಟಿ ನಮ್ಮ ಕಡೆ ಇರಬೇಕು. ಎಡ ಮೂಲೆ ಹೋಗಿದ್ದರೆ ಬೆಳಗ್ಗೆ. ನಡುವೆ ಕಚ್ಚು ಇದ್ದರೆ ಮಧ್ಯಾಹ್ನ. ಬಲ ಮೂಲೆ ಹೋಗಿದ್ದರೆ ರಾತ್ರಿ. ಊಟಕ್ಕೆ ಮುಂಚೆ ಆದರೆ ಪಟ್ಟಿಗೆ ಸ್ಟೇಪ್ಲರ್ ಪಿನ್ನು. ಮಾತ್ರೆ ಚೆಲ್ಲುವುದಿಲ್ಲ, ಕತ್ತರಿ ಬೀಳುವುದು ಪಟ್ಟಿಗೆ ಮಾತ್ರ.

ನಾನು ಇಪ್ಪತ್ತೆರಡು ವರ್ಷದಿಂದ ಪೆನ್ನಿನಲ್ಲಿ ಬರೆಯುತ್ತಿರುವುದು ಇದನ್ನೇ. ಬೆಳಗ್ಗೆ ಒಂದು, ಮಧ್ಯಾಹ್ನ ಸೊನ್ನೆ, ರಾತ್ರಿ ಒಂದು. ಈಕೆ ಅದನ್ನು ಬೆರಳಿಗೆ ಸಿಗುವ ಹಾಗೆ ಮಾಡಿದ್ದಾರೆ.

"ಯಾವ ಮಾತ್ರೆ ಯಾವಾಗ ಅಂತ ನಿಮಗೆ ಹೆಂಗೊತ್ತಾಗುತ್ತೆ?"

"ಮಾತ್ರೆ ಬಣ್ಣ ಕವರಲ್ಲಿ ಕಾಣುತ್ತೆ, ಬಣ್ಣ ಹೇಳಿ ಹೊತ್ತು ನೀವೇ ಕೂಗ್ತೀರಲ್ಲ ಸಾರ್. ಬೀದಿ ಕೊನೇವರ್ಗೂ ಕೇಳ್ಸುತ್ತೆ."

ಫೆಬ್ರವರಿ 10, ಸೋಮವಾರ

ಆದರೂ ಅನುಮಾನ. ತಪ್ಪಾದರೆ? ಶುಗರ್ ಮಾತ್ರೆ ಅದಲುಬದಲಾದರೆ ಜೀವಕ್ಕೇ ಸಂಚಕಾರ. ಇವತ್ತು ಬೈರಮ್ಮ ಕತ್ತರಿಸಿದ ಮೂವತ್ತೊಂದು ಕವರುಗಳನ್ನು ಬೆಂಚಿನ ಹತ್ತಿರವೇ ನಿಂತು ನನ್ನ ಬರಹದ ಜೊತೆ ತಾಳೆ ನೋಡಿದೆ.

ಒಂದು ಹೊಂದಲಿಲ್ಲ. ಹಿಡಿದೆ ಅಂದುಕೊಂಡೆ. ಡಾಕ್ಟರ್ ಚೀಟಿ ನೋಡಿದರೆ ಕತ್ತರಿಯೇ ಸರಿ. ನಾನು ಬಾಯಲ್ಲಿ ಸರಿಯಾಗಿ ಹೇಳಿ ಕವರಿನ ಮೇಲೆ ತಪ್ಪು ಬರೆದಿದ್ದೆ.

ಇದನ್ನು ಚೈತನ್ಯಾಗೆ ಹೇಳುವುದಿಲ್ಲ.

ಫೆಬ್ರವರಿ 11, ಮಂಗಳವಾರ

ಇಂಥ ಐಡಿಯಾ ತಲೆಗೆ ಹೊಳೆದದ್ದು ಹೇಗೆ? ಕಾಫಿ ಕೊಡಿಸಿ ಕೇಳಿದೆ. ಬೈರಮ್ಮನಿಗೆ ಓದಲು ಬರುವುದಿಲ್ಲ. ಅವರಿಗೂ ಬಿಪಿ ಇದೆ. ಮೂರು ವರ್ಷದ ಹಿಂದೆ ಎರಡು ಕವರು ಅದಲುಬದಲಾಗಿ ಬಸ್ ಸ್ಟಾಪಿನಲ್ಲೇ ಬಿದ್ದಿದ್ದರಂತೆ. ಆಮೇಲೆ ತಮ್ಮ ಕವರಿಗೆ ತಾವೇ ಗುರುತು ಮಾಡಿಕೊಂಡರು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು "ನಂಗೂ ಹಂಗೇ ಮಾಡ್ಕೊಡವ್ವಾ" ಅಂದರು. ಹಾಗೆ ಶುರುವಾಗಿದ್ದು.

ಕಣ್ಣು ಕಾಣದವರು, ಪೊರೆ ಬಂದವರು, ಓದು ಬರದವರು, ಕನ್ನಡ ಬರದ ಬಿಹಾರದ ಕಟ್ಟಡ ಕೆಲಸದವರು. ಎಲ್ಲರಿಗೂ ಒಂದೇ ಕತ್ತರಿ. "ಬೆಳಗ್ಗೆ" ಅಂತ ಹಿಂದಿಯಲ್ಲಿ ಹೇಗೆ ಹೇಳ್ತೀರಿ ಅಂತ ಕೇಳಿದೆ. ಎಡ ಮೂಲೆ ತೋರಿಸಿ, ಬಾಗಿಲಲ್ಲಿ ಬಿಸಿಲು ತೋರಿಸುತ್ತಾರಂತೆ.

ಫೆಬ್ರವರಿ 19, ಬುಧವಾರ

ವಲಯ ಕಚೇರಿಯಿಂದ ಫಾರಂ ಬಂದಿದೆ. ವಿಶ್ವ ಆರೋಗ್ಯ ದಿನಕ್ಕೆ ಉತ್ತಮ ಸಿಬ್ಬಂದಿ ಪ್ರಶಸ್ತಿ, ಪ್ರತಿ ಕೇಂದ್ರದಿಂದ ಒಂದು ಹೆಸರು. ನಮ್ಮ ವೈದ್ಯಾಧಿಕಾರಿ ಡಾ. ಮೋನಿಷಾ "ನೀವೇ ಬರೀರಿ ಕೈಲಾಸ್, ನಿಮ್ ಕನ್ನಡ ಚೆನ್ನಾಗಿದೆ" ಅಂದರು. ಅಷ್ಟು ಸಾಕಲ್ಲ ನನಗೆ, ಉಬ್ಬಿಹೋದೆ.

ಆರನೇ ಕಲಂ: ನಿಗದಿತ ಕರ್ತವ್ಯವನ್ನು ಮೀರಿ ಸಲ್ಲಿಸಿದ ಸೇವೆ. ಬೈರಮ್ಮನ ಹೆಸರಲ್ಲಿ ಎರಡು ಪುಟ ಬರೆದೆ. "ಪ್ರತಿದಿನ ಸರಾಸರಿ ಹದಿನೈದು ರೋಗಿಗಳ ಔಷಧಿಯನ್ನು ಸ್ವಯಂಪ್ರೇರಣೆಯಿಂದ ತಾವೇ ನಿರ್ವಹಿಸುತ್ತಾರೆ..." ಓದಿ ಓದಿ ಖುಷಿಪಟ್ಟೆ.

ಬೈರಮ್ಮನಿಗೆ ಹೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕೂತು ಮಗಳು ಬಿಂದುವಿಗೆ ಫೋನ್ ಹಚ್ಚಿದರು. "ನನ್ ಹೆಸ್ರು ಬರ್ದವ್ರೆ ಕಣೇ! ನಂದೇ! ಕಸ ಹೊಡ್ಯೋದಕ್ಕಲ್ಲ ಕಣೇ, ಬ್ಯಾರೆದಕ್ಕೆ!"

ಮಾರ್ಚ್ 12, ಬುಧವಾರ

ಉತ್ತರ ಬಂತು. ಪ್ರಶಸ್ತಿಯಲ್ಲ, ಮೆಮೊ. ಫಾರ್ಮಸಿಸ್ಟ್ ಅಲ್ಲದ ಹೊರಗುತ್ತಿಗೆ ಸ್ವಚ್ಛತಾ ಸಿಬ್ಬಂದಿ ಯಾರ ಆದೇಶದ ಮೇರೆಗೆ ಔಷಧಿಯನ್ನು "ತಾವೇ ನಿರ್ವಹಿಸುತ್ತಾರೆ"? ಮೂರು ದಿನದಲ್ಲಿ ವಿವರಣೆ ಕೊಡಿ. ನನ್ನದೇ ವಾಕ್ಯ, ನನ್ನದೇ ಪದ, ಕೆಳಗೆ ಗೆರೆ ಎಳೆದು ವಾಪಸ್ ಕಳಿಸಿದ್ದಾರೆ.

ಶಕುಂತಲಮ್ಮ ಓದಿ ನನ್ನ ಮುಖ ನೋಡಿದರು. "ನೋಡ್ರಿ ನಿಮ್ ಕನ್ನಡ ಏನ್ ಮಾಡ್ತು. ಸುಮ್ನೆ ಒಳ್ಳೆ ಕೆಲ್ಸ ಮಾಡ್ತಾಳೆ ಅಂತ ಒಂದ್ ಲೈನ್ ಬರೆದಿದ್ರೆ ಆಗ್ತಿರ್ಲಿಲ್ವಾ?"

ಮಾರ್ಚ್ 13, ಗುರುವಾರ

ಏಜೆನ್ಸಿ ಸೂಪರ್‌ವೈಸರ್ ಬಂದು ಬೈರಮ್ಮನಿಗೆ ಹೇಳಿ ಹೋದ. ಸೋಮವಾರದಿಂದ ಬರೋದು ಬೇಡ.

ಆಕೆ ಅಳಲಿಲ್ಲ, ಬೈಯಲೂ ಇಲ್ಲ. "ಎಲ್ಲಿ ತಪ್ಪು ಮಾಡ್ದೆ ಸಾರ್?" ಅಂತ ಕೇಳಿದರು. ಅಷ್ಟೇ. ಹನ್ನೊಂದು ವರ್ಷದ ಕೆಲಸ, ನನ್ನ ಎರಡು ಪುಟದಿಂದ ಹೋಯಿತು. ಮನೆಗೆ ಬಂದು ಚೈತನ್ಯಾ ಮುಂದೆ ಅತ್ತೆ.

ಮಾರ್ಚ್ 14, ಶುಕ್ರವಾರ

ವಿವರಣೆ ಬರೆದೆ. ಐದೇ ಸಾಲು. ಗುರುತಿನ ಈ ವಿಧಾನ ನನ್ನದು. ನನ್ನ ಆದೇಶದಂತೆ, ನನ್ನ ಕಣ್ಣೆದುರೇ ಆಕೆ ಕವರಿನ ಪಟ್ಟಿಯನ್ನಷ್ಟೇ ಕತ್ತರಿಸುತ್ತಾರೆ, ಔಷಧಿ ಮುಟ್ಟುವುದಿಲ್ಲ. ಎಲ್ಲ ಜವಾಬ್ದಾರಿ ನನ್ನದು.

ಶುದ್ಧ ಸುಳ್ಳು. ಮೋನಿಷಾ ಮೇಡಂ ಎರಡು ಸಲ ಓದಿದರು. "ಇದು ನಿಮ್ ಸರ್ವಿಸ್ ಬುಕ್ಕಿಗೆ ಹೋಗುತ್ತೆ, ಗೊತ್ತಲ್ಲ?"

"ಗೊತ್ತು ಮೇಡಂ. ಆಕೆ ಕೆಲ್ಸ ಉಳಿದ್ರೆ ಸಾಕು."

ಸಹಿ ಹಾಕಿದರು. ಏಜೆನ್ಸಿಗೂ ಫೋನ್ ಮಾಡಿ, ವಿಚಾರಣೆ ಮುಗಿಯುವವರೆಗೆ ಬೈರಮ್ಮ ಇಲ್ಲೇ ಇರಲಿ ಅಂದರು.

ಮಾರ್ಚ್ 20, ಗುರುವಾರ

ವಲಯದ ಆರೋಗ್ಯಾಧಿಕಾರಿ ತಾವೇ ಬಂದರು. ಮುಖ ಗಂಟು. ಪುಣ್ಯಕ್ಕೆ ಆಂಜಿನಯ್ಯ ಬೆಂಚಿನ ಮೇಲಿದ್ದರು.

ಸಾಹೇಬರು ಅವರ ಮೂರು ಕವರನ್ನೂ ಕಲಸಿ ಕೈಗಿಟ್ಟರು. ಆಂಜಿನಯ್ಯ ಸವರಿ, "ಇದು ರಾತ್ರೀದು. ಇದು ಎರಡು ಹೊತ್ತಿಂದು, ಊಟಕ್ಕೆ ಮುಂಚೆ. ಇದು ಬೆಳಗ್ಗೇದು. ಮುಂಚೆ ಪಕ್ಕದ್ಮನೆಯೋರು ಬಂದು ಹೇಳೋವರ್ಗೂ ಮಾತ್ರೆ ನುಂಗ್ತಿರ್ಲಿಲ್ಲ ಸ್ವಾಮಿ. ಈಗ ನಾನೇ ತಗೋತೀನಿ" ಅಂದರು. ಸಾಹೇಬರು ಮತ್ತೆ ಕಲಸಿದರು. ಮತ್ತೆ ಸರಿ ಹೇಳಿದರು. ಮೂರನೇ ಸಲಕ್ಕೆ ಸಾಹೇಬರು ತಾವೇ ಕಣ್ಣು ಮುಚ್ಚಿ ಸವರಿ ನೋಡಿದರು. ಮುಖದ ಗಂಟು ಬಿಚ್ಚಿತು.

"ಭಲೇ! ನಿಜಕ್ಕೂ ಯಾರ ಐಡಿಯಾರೀ ಇದು?"

ಬೈರಮ್ಮ ಮೂಲೆಯಲ್ಲಿ ನೆಲ ನೋಡುತ್ತಾ ನಿಂತಿದ್ದರು. ಆಕೆಯದು ಅಂದರೆ ವಿವರಣೆ ಸುಳ್ಳಾಗುತ್ತದೆ, ಕೆಲಸ ಹೋಗುತ್ತದೆ.

"ನಂದೇ ಸಾರ್" ಅಂದೆ.

ಬೆನ್ನು ತಟ್ಟಿದರು. ಬೈರಮ್ಮನ ಕಡೆ ತಿರುಗಲು ಧೈರ್ಯ ಬರಲಿಲ್ಲ.

ಮಾರ್ಚ್ 25, ಮಂಗಳವಾರ

ಸುತ್ತೋಲೆ ಬಂದಿದೆ. ವಲಯದ ಎಲ್ಲ ಕೇಂದ್ರಗಳಲ್ಲೂ ಕವರಿಗೆ ಈ ಗುರುತು ಹಾಕಬೇಕು. ಫಾರ್ಮಸಿಸ್ಟ್ ಮೇಲ್ವಿಚಾರಣೆಯಲ್ಲಿ ಸ್ವಚ್ಛತಾ ಸಿಬ್ಬಂದಿಯ ನೆರವನ್ನೂ ಪಡೆಯಬಹುದು. ಸಾಹೇಬರದೇ ಸಹಿ. ಬೈರಮ್ಮನ ಕೆಲಸ ಗಟ್ಟಿಯಾಯಿತು. ಉಸಿರು ಬಿಟ್ಟೆ.

ಎರಡನೇ ಪುಟ: ಉತ್ತಮ ಸಿಬ್ಬಂದಿ ಪ್ರಶಸ್ತಿ — ಕೈಲಾಸ್, ಫಾರ್ಮಸಿ ಅಧಿಕಾರಿ.

ಥೂ.

ಬೈರಮ್ಮನ ಹತ್ತಿರ ಹೋಗಿ ತಲೆ ತಗ್ಗಿಸಿದೆ. "ತಗೊಳ್ಳಿ ಸಾರ್, ಅದಕ್ಕೇನಂತೆ. ನಂಗೆ ಅದ್ರಲ್ಲಿ ಬರ್ದಿರೋದು ಓದಕ್ಕೂ ಬರಲ್ಲ. ಕೆಲ್ಸ ಉಳೀತಲ್ಲ" ಅಂದರು. ನಕ್ಕರು ಕೂಡ. ಆ ನಗು ನಂಬಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಏಪ್ರಿಲ್ 3, ಗುರುವಾರ

ಯುಗಾದಿ ಮುಗಿದ ಮೇಲೂ ಈ ಡೈರಿ ಮುಟ್ಟಲು ಮನಸ್ಸಿರಲಿಲ್ಲ. ಇವತ್ತು ಬರೆಯಲೇಬೇಕು.

ಬೈರಮ್ಮ ಟೀ ಕುಡಿಯಲು ಹೋಗಿದ್ದಾಗ ಮಗಳು ಬಿಂದು ಬಂದಳು. ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಹುಡುಗಿ. ಕಿಟಕಿಯಲ್ಲಿ ಬಗ್ಗಿ ಪಿಸುಗುಟ್ಟಿದಳು.

"ಅಂಕಲ್, ಅಮ್ಮನ ಫಂಕ್ಷನ್ ಯಾವತ್ತು? ಕೇಳಿದ್ರೆ ಏನೇನೋ ಹೇಳಿ ಜಾರ್ಕೋತಾಳೆ. ನಾನು ಓನರ್ ಹತ್ರ ರಜಾ ಹೇಳ್ಬೇಕು. ಸೀರೆ ತಂದಿದೀನಿ, ಅವಳಿಗೆ ಗೊತ್ತಿಲ್ಲ."

ಪ್ರಶಸ್ತಿ ಕೈತಪ್ಪಿದ್ದನ್ನು ಮಗಳಿಗೆ ಇನ್ನೂ ಹೇಳಿಲ್ಲ. ಆರು ವಾರದಿಂದ ಈ ಹುಡುಗಿ ಕಾಯುತ್ತಿದ್ದಾಳೆ.

"ಏಳನೇ ತಾರೀಖು, ಸೋಮವಾರ. ಹನ್ನೊಂದು ಗಂಟೆಗೆ. ಬಾಮ್ಮಾ" ಅಂದೆ. ಯೋಚಿಸದೆ ಬಾಯಿಂದ ಬಂತು. ಬಂದ ಮೇಲೆ ವಾಪಸ್ ತಗೊಳ್ಳಲು ಇಷ್ಟವಾಗಲಿಲ್ಲ.

ಏಪ್ರಿಲ್ 5, ಶನಿವಾರ

ಮೋನಿಷಾ ಮೇಡಂಗೆ ಪತ್ರ ಕೊಟ್ಟೆ. ಹಿಂದಿನ ವಿವರಣೆ ಸುಳ್ಳು, ಆದೇಶ ನಾನು ಕೊಟ್ಟಿರಲಿಲ್ಲ, ಎಲ್ಲವೂ ಬೈರಮ್ಮನದು.

"ಆಕೆಗೆ ತೊಂದ್ರೆ ಆದ್ರೆ?"

"ಸಾಹೇಬ್ರೇ ಸುತ್ತೋಲೆ ಹೊರಡಿಸಿದಾರೆ ಮೇಡಂ. ತಾವೇ ಸರಿ ಅಂದಿದ್ದನ್ನ ತಪ್ಪು ಅಂತ ಹೆಂಗೆ ಬರೀತಾರೆ? ಏನಾದ್ರೂ ಆದ್ರೆ ನಂಗೆ."

ಮೇಡಂ ಪತ್ರ ಮಡಚಿ ಡ್ರಾಯರಿಗೆ ಹಾಕಿದರು. "ಇದನ್ನ ಇವತ್ತು ಕಳ್ಸಿದ್ರೆ ಪ್ರಶಸ್ತೀನೇ ಕ್ಯಾನ್ಸಲ್ ಮಾಡ್ತಾರೆ, ಅಷ್ಟೆ. ಸ್ಟೇಜ್ ಮೇಲೆ ಹೇಳಿ. ಮಂಗಳವಾರ ನಾನು ಕಳ್ಸ್ತೀನಿ."

ಮೂವತ್ತೊಂದು ವರ್ಷದ ಹುಡುಗಿ. ಎಲ್ಲಿ ಕಲಿತರೋ ಇದನ್ನೆಲ್ಲ.

ಏಪ್ರಿಲ್ 7, ಸೋಮವಾರ. ಮಧ್ಯಾಹ್ನ 2.40

ಬಸವನಗುಡಿಯ ಹಾಲ್‌ನಿಂದ ಸೀದಾ ಬಂದು ಫಾರ್ಮಸಿಯಲ್ಲಿ ಕೂತಿದ್ದೇನೆ.

ಹನ್ನೊಂದೂವರೆಗೆ ನನ್ನ ಹೆಸರು ಕರೆದರು. ಶಾಲು ಹಿಡಿದು ಬಂದ ಸಾಹೇಬರಿಗೆ ಕೈ ಮುಗಿದು ಮೈಕಿನ ಹತ್ತಿರ ಹೋದೆ. ಎರಡು ಪುಟ ಬರೆಯುವವನಿಗೆ ಎರಡು ಮಾತು ಸಾಕಾಯಿತು. ಇದು ನನ್ನದಲ್ಲ, ನಾನು ಸುಳ್ಳು ಬರೆದಿದ್ದೆ. ಇದು ನಮ್ಮ ಬೈರಮ್ಮನದು, ಕೊನೇ ಸಾಲಿನಲ್ಲಿದ್ದಾರೆ.

ಬೈರಮ್ಮ ಏಳಲಿಲ್ಲ. ಸಿಬ್ಬಂದಿಗೆಲ್ಲ ತಿಂಡಿ ಇದೆ ಅಂತ ಶಕುಂತಲಮ್ಮ ಕರೆತಂದಿದ್ದರು. ಬಿಂದುವೇ ತೋಳು ಹಿಡಿದು ಎಬ್ಬಿಸಿದಳು. ಮಗಳು ತಂದ ಹೊಸ ಸೀರೆ, ಹಸಿರು. ಮಗಳ ಕೈ ಹಿಡಿದೇ ಮೆಟ್ಟಿಲು ಹತ್ತಿದರು. ಹಾಲ್ ಪೂರಾ ನೋಡುತ್ತಿತ್ತು. ಸಾಹೇಬರಿಗೆ ಬೇರೆ ದಾರಿ ಇರಲಿಲ್ಲ, ಶಾಲನ್ನು ಆಕೆಗೇ ಹೊದಿಸಿದರು.

ನಿರೂಪಣೆ ಮಾಡುತ್ತಿದ್ದ ಹುಡುಗಿ ಪರಿಸ್ಥಿತಿ ತಿಳಿಗೊಳಿಸಲು ಹೋಗಿ, "ಇದನ್ನೆಲ್ಲ ಸಾರ್ ಹೇಳ್ಕೊಟ್ಟಿದ್ದಾ ಅಮ್ಮಾ?" ಅಂತ ಮೈಕು ಹಿಡಿದಳು.

ಬೈರಮ್ಮ ನನ್ನ ಮುಖ ನೋಡಿದರು. ನನ್ನನ್ನು ಉಳಿಸಲು ಎಲ್ಲಿ ಹೂಂ ಅಂದುಬಿಡುತ್ತಾರೋ ಅನ್ನಿಸಿತು. ಬೇಡ ಅಂತ ತಲೆಯಾಡಿಸಿದೆ. ಮೈಕನ್ನು ಎರಡೂ ಕೈಯಲ್ಲಿ ಹಿಡಿದರು.

"ಇಲ್ಲ. ಸಾರ್ ಅಲ್ಲ. ನಾನೇ ಮಾಡಿದ್ದು."

ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ. "ನಾನೇ ಮಾಡಿದ್ದು."

ಚಪ್ಪಾಳೆ ನಿಂತ ಮೇಲೆ ಸಾಹೇಬರು ನನ್ನ ಕಿವಿಯ ಹತ್ತಿರ ಬಂದು, ನಾಳೆ ಹತ್ತೂವರೆಗೆ ಆಫೀಸಿಗೆ ಬನ್ನಿ, ಆ ಮಾರ್ಚ್ ತಿಂಗಳ ವಿವರಣೆ ತಗೊಂಡು ಬನ್ನಿ ಅಂದರು. ಹೋಗುತ್ತೇನೆ. ಏನು ಹೇಳಬೇಕೆಂದು ಇಲ್ಲೇ ಬರೆದುಕೊಳ್ಳೋಣ. ಈ ಸಲ ಚಿಕ್ಕದಾಗಿ. ಒಂದನೆಯದು, ಸುಳ್ಳು ಬರೆದದ್ದು ನಾನು. ಎರಡನೆಯದು, ಆಕೆಯ ಹೆಸರನ್ನು ಸುತ್ತೋಲೆಯಲ್ಲಿ ಹಾಕಿ. ಅಷ್ಟೇ.