ಮೂರನೇ ಮೇಜಿನ ಕಂಪ್ಯೂಟರಿಗೆ ನನ್ನ ಮೊಮ್ಮಗಳ ವಯಸ್ಸು ಗೊತ್ತಿಲ್ಲ

ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗಳಿಗೆ ಇನ್ನೂ ಐದು ವರ್ಷ ತುಂಬಿಲ್ಲ. ತುಂಬಿದೆ ಎಂದು ನಿಮ್ಮ ಕಚೇರಿ ನಾಲ್ಕು ತಿಂಗಳಿಂದ ಹಟ ಹಿಡಿದು ಕೂತಿದೆ. ಹೆತ್ತವಳು ನನ್ನ ಮಗಳು, ಹೆರಿಗೆ ಕೋಣೆಯ ಹೊರಗೆ ಕಾದವನು ನಾನು. ಆದರೆ ಹುಟ್ಟಿದ ದಿನ ಗೊತ್ತಿರುವುದು ನಿಮ್ಮ ಕಂಪ್ಯೂಟರಿಗೆ ಮಾತ್ರ! ಹುಟ್ಟಿನಿಂದಲೇ ಕಿವಿ ಕೇಳಿಸದ ಮಕ್ಕಳಿಗೆ ಕಿವಿಯೊಳಗೆ ಯಂತ್ರ ಕೂರಿಸುವ ಶಸ್ತ್ರಚಿಕಿತ್ಸೆಗೆ ಮಂಜೂರಾತಿ ಕೊಡುವವರು ನೀವು. ಐದು ತುಂಬುವುದರೊಳಗೆ ಮಂಜೂರಾಗಬೇಕೆಂಬುದು ನಿಮ್ಮದೇ ನಿಯಮ. ನಮ್ಮ ಪುಟ್ಟಿ ಹುಟ್ಟಿದ್ದು ನವೆಂಬರ್ ನಾಲ್ಕರಂದು. ನಾನು ಇದನ್ನು ಬರೆಯುತ್ತಿರುವುದು ಅಕ್ಟೋಬರ್ ಹದಿನಾರರಂದು. ಉಳಿದಿರುವುದು ಹತ್ತೊಂಬತ್ತು ದಿನ. ಸುತ್ತಿ ಬಳಸಿ ಬರೆಯುವಷ್ಟು ಪುರುಸೊತ್ತು ನನಗಿಲ್ಲ.

ಮೇ ತಿಂಗಳಲ್ಲಿ ಅರ್ಜಿ ಕೊಟ್ಟೆವು. ಜೂನ್‌ನಲ್ಲಿ ‘ವಯೋಮಿತಿ ಮೀರಿರುವುದರಿಂದ ತಿರಸ್ಕರಿಸಲಾಗಿದೆ’ ಎಂಬ ಕಾಗದ ಬಂತು. ಜನನ ಪ್ರಮಾಣಪತ್ರ ಹಿಡಿದು ಓಡಿ ಬಂದೆ. ಅರ್ಜಿಗಳನ್ನು ದಾಖಲಿಸುವ ಮೊದಲನೇ ಮೇಜಿನ ಮೇಡಂ, ಪಾಪ, ಪರದೆಯನ್ನೇ ನನ್ನತ್ತ ತಿರುಗಿಸಿದರು. “ನೋಡಿ ಅಜ್ಜಾ, ನಾನು ಸರಿಯಾಗೇ ಹಾಕಿದೀನಿ. ನಾಲ್ಕು, ಹನ್ನೊಂದು. ಮೂರನೇ ಮೇಜಲ್ಲಿ ಕೇಳಿ.” ವಯಸ್ಸು ನೋಡಿ ಪಟ್ಟಿ ಮುದ್ರಿಸುವ ಮೂರನೇ ಮೇಜಿನವರು ತಲೆ ಕೂಡ ಎತ್ತಲಿಲ್ಲ. “ಇಲ್ಲಿ ಐದು ದಾಟಿದೆ ಅಂತ ತೋರಿಸ್ತಿದೆಯಲ್ಲಾ ಯಜಮಾನ್ರೇ. ಅಲ್ಲೇ ತಪ್ಪು ಹಾಕಿರ್ಬೇಕು, ತಿದ್ದಿಸ್ಕೊಂಡು ಬನ್ನಿ.” ಈ ಎರಡು ಮೇಜುಗಳ ನಡುವೆ ಹನ್ನೆರಡು ಹೆಜ್ಜೆ. ಎರಡೂ ಕಂಪ್ಯೂಟರುಗಳಿಗೆ ಒಂದೇ ತಂತಿ, ಒಳಗಿರುವುದು ಒಂದೇ ದಾಖಲೆ. ಇಲ್ಲಿ ನಾಲ್ಕು ವರ್ಷದ ಮಗು ಹನ್ನೆರಡು ಹೆಜ್ಜೆ ನಡೆದರೆ ಐದು ದಾಟಿಬಿಡುತ್ತದೆ. ಆ ಹನ್ನೆರಡು ಹೆಜ್ಜೆಯನ್ನು ನಾನು ಎಷ್ಟು ಸಲ ನಡೆದೆನೋ ಲೆಕ್ಕವಿಟ್ಟಿಲ್ಲ.

ನಿಮ್ಮವರು ಏನೂ ಮಾಡಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಎಲ್ಲ ಕಂಪ್ಯೂಟರುಗಳನ್ನೂ ಆರಿಸಿ ಮತ್ತೆ ಹಚ್ಚಿದರು. ಗೋಡೆಯಿಂದ ತಂತಿ ಕಿತ್ತು ಹೊಸದನ್ನು ಎಳೆದರು. ಮೇಡಂ ಪುಟ್ಟಿಯ ದಾಖಲೆಯನ್ನು ಪೂರ್ತಿ ಅಳಿಸಿ ನಾಲ್ಕು ಸಲ ಹೊಸದಾಗಿ ಬರೆದರು. ಪ್ರತಿ ಸಲವೂ ಜನನ ಪ್ರಮಾಣಪತ್ರದ ಹೊಸ ದೃಢೀಕೃತ ಪ್ರತಿ ಬೇಕೆಂದರು. ತಾನು ಹುಟ್ಟಿದ್ದನ್ನು ನಾಲ್ಕು ಸಲ ಸಾಬೀತುಪಡಿಸಿದ ಮಗು ಇನ್ನೆಲ್ಲಾದರೂ ಇದೆಯೇ?

ಕೊನೆಗೆ ನಿಮಗೇ ದೂರು ಕೊಟ್ಟೆ. ‘ಪರಿಶೀಲಿಸಲಾಗಿ, ಗಣಕ ದಾಖಲೆಯಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ’ ಎಂದು ಉತ್ತರಿಸಿದಿರಿ. ಆ ಪತ್ರಕ್ಕಾಗಿ ನಿಮಗೆ ನಾನು ಋಣಿ. ನಾನು ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಕಾಗದ ಕೈಗೆ ಬಂದರೆ ಕಣ್ಣು ತಾನಾಗಿ ತಪ್ಪು ಹುಡುಕುತ್ತದೆ. ಪತ್ರ ನನ್ನ ಕೈಸೇರಿದ್ದು ಸೆಪ್ಟೆಂಬರ್ ಹನ್ನೆರಡಕ್ಕೆ. ಅದರ ತಲೆಯ ಮೇಲೆ ಅಚ್ಚಾಗಿದ್ದ ತಾರೀಖು 09-10, ಅಂದರೆ ಅಕ್ಟೋಬರ್ ಒಂಬತ್ತು. ಭಲೇ! ಬರೆಯುವುದಕ್ಕೆ ಒಂದು ತಿಂಗಳು ಮೊದಲೇ ಪತ್ರ ಬಂದಿತ್ತು. ಆಗ ಹೊಳೆಯಿತು. ನಿಮ್ಮ ಮೂರನೇ ಮೇಜಿನ ಕಂಪ್ಯೂಟರ್ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಓದುತ್ತದೆ. ಕಚೇರಿಯ ಕಾಗದಗಳೆಲ್ಲ ಅಚ್ಚಾಗುವುದು ಅದರಿಂದಲೇ; ಸೆಪ್ಟೆಂಬರ್ ಹತ್ತನ್ನು ಅದು 09-10 ಎಂದು ಬರೆದಿತ್ತು. ನವೆಂಬರ್ ನಾಲ್ಕರ ಮಗುವನ್ನು ಏಪ್ರಿಲ್ ಹನ್ನೊಂದಕ್ಕೆ ಹುಟ್ಟಿಸಿತ್ತು.

ಮರುದಿನವೇ ಬಂದು, ನಿಮ್ಮ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದ ತಾಯಂದಿರನ್ನೆಲ್ಲ ವಿಚಾರಿಸಿದೆ. ವಯಸ್ಸು ದಾಟಿದೆಯೆಂದು ತಿರಸ್ಕರಿಸಲಾದ ಆರು ಮಕ್ಕಳಿದ್ದರು. ಆರೂ ಮಕ್ಕಳು ಹುಟ್ಟಿದ್ದು ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ. ಹದಿಮೂರನೇ ತಿಂಗಳು ಎಂಬುದೊಂದು ಇಲ್ಲವಾದ್ದರಿಂದ ಇಪ್ಪತ್ತು, ಇಪ್ಪತ್ತೈದನೇ ತಾರೀಖಿನವರೆಲ್ಲ ಬಚಾವು. “ಅಯ್ಯೋ, ನಮ್ಮೋಳು ಹುಟ್ಟಿದ್ದು ಅಕ್ಟೋಬರ್ ಎರಡು. ಹಾಗಾದ್ರೆ ಇನ್ನೂ ಟೈಮಿದೆಯಾ?” ಎಂದು ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡಳು. ಇದೆ ತಾಯೀ, ಎಂದೆ.

ಮೂರನೇ ಮೇಜಿನವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಒಪ್ಪಿದರು. ಒಪ್ಪಿ, ಕಂಪ್ಯೂಟರಿನ ನೆತ್ತಿಗೆ ಅಂಟಿಸಿದ್ದ ಚೀಟಿ ತೋರಿಸಿದರು: ‘ಇದರ ಸೆಟ್ಟಿಂಗ್ ಯಾರೂ ಮುಟ್ಟಬಾರದು.’ ಕೆಳಗೆ ನಿಮ್ಮ ರುಜು.

“ಹೋದ ವರ್ಷ ಪ್ರಿಂಟರ್ ಕೆಟ್ಟು ಎರಡು ತಿಂಗಳು ಒದ್ದಾಡಿದೀವಿ ಯಜಮಾನ್ರೇ. ರಿಪೇರಿಯವನು ಬಂದು ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಟ್ಟ. ತಾರೀಖು ತಿರುವುಮುರುವಾಗಿದ್ದೂ ಆಗ್ಲೇ ಇರ್ಬೇಕು. ಈಗ ಪ್ರಿಂಟ್ ಬರೋದು ಇದೊಂದರಲ್ಲೇ. ಮುಟ್ಟಿ ಅದೂ ನಿಂತುಹೋದ್ರೆ?”

“ಎಷ್ಟು ಹೊತ್ತಿನ ಕೆಲಸ?”

“ಎರಡು ನಿಮಿಷ. ಸಾಹೇಬ್ರು ಬರ್ದುಕೊಡ್ಲಿ, ಈಗ್ಲೇ ಮಾಡ್ತೀನಿ.”

ಸಾಹೇಬರೇ, ಅಂದಿನಿಂದ ಮೂರು ಸಲ ಲಿಖಿತವಾಗಿ ಕೊಟ್ಟಿದ್ದೇನೆ. ಮೂರಕ್ಕೂ ಸ್ವೀಕೃತಿಯ ಮೊಹರಿದೆ, ಉತ್ತರ ಮಾತ್ರ ಇಲ್ಲ. ನಿಮಗೆ ಪ್ರಿಂಟರಿನ ಮೇಲಿರುವ ಕಾಳಜಿಯಲ್ಲಿ ಕಾಲು ಭಾಗ ಆ ಆರು ಮಕ್ಕಳ ಮೇಲೆ ಬೇಡವೇ? ತಪ್ಪು ಪಟ್ಟಿಯನ್ನು ಅಚ್ಚುಕಟ್ಟಾಗಿ ಮುದ್ರಿಸುವ ಯಂತ್ರವನ್ನು ಕಾಪಾಡಿಕೊಂಡು ಏನು ಸಾಧಿಸಿದಿರಿ? ಆ ಅಕ್ಟೋಬರ್ ಎರಡರ ಮಗುವಿಗೆ ಹದಿನಾಲ್ಕು ದಿನದ ಹಿಂದೆ ನಿಜವಾಗಿಯೂ ಐದು ತುಂಬಿತು. ಸಮಯವಿದೆ ಎಂದು ಅದರ ತಾಯಿಗೆ ಮಾತು ಕೊಟ್ಟಿದ್ದವನು ನಾನು. ಆ ದಿನದಿಂದ ಅವಳಿಗೆ ಮುಖ ತೋರಿಸಲು ನನಗೆ ನಾಚಿಕೆಯಾಗುತ್ತಿದೆ. ನಿಮಗೆ?

ಈಗಲೂ ಮನೆಯಲ್ಲಿ ಒಂದಷ್ಟು ಕರಡು ತಿದ್ದುತ್ತೇನೆ. ಗಟ್ಟಿಯಾಗಿ ಓದಿಕೊಳ್ಳುವುದು ನನ್ನ ಅಭ್ಯಾಸ. ಪುಟ್ಟಿ ಮಡಿಲಲ್ಲಿ ಕೂತು ನನ್ನ ಗಂಟಲ ಮೇಲೆ ಅಂಗೈ ಇಡುತ್ತಾಳೆ. ನಾನು ಓದು ನಿಲ್ಲಿಸಿದರೆ ನನ್ನ ಕೈ ತಟ್ಟಿ, ಮುಂದೆ ಓದು ಎಂದು ಸನ್ನೆ ಮಾಡುತ್ತಾಳೆ. ನನ್ನ ದನಿ ಅವಳಿಗೆ ಗೊತ್ತಿರುವುದು ಅಷ್ಟೇ. ಇಂಥ ಮಗುವಿನ ಅಜ್ಜನಿಗೆ ‘ನಿಯಮಾನುಸಾರ ಕ್ರಮ’ ಎಂದು ಹೇಳಿ ಕಳಿಸುತ್ತೀರಲ್ಲ, ನಿಮಗೆ ಏನೂ ಅನ್ನಿಸುವುದಿಲ್ಲವೇ?

ನಾನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಆ ಚೀಟಿಯನ್ನು ಕಿತ್ತು ಆ ಕಂಪ್ಯೂಟರನ್ನು ಸರಿಪಡಿಸಲು ಇವತ್ತೇ ಬರೆದುಕೊಡಿ. ಆರೂ ಮಕ್ಕಳ ವಯಸ್ಸನ್ನು ಅರ್ಜಿ ಕೊಟ್ಟ ದಿನಕ್ಕೆ ಲೆಕ್ಕ ಹಾಕಿ ಮಂಜೂರು ಮಾಡಿ. ಅಕ್ಟೋಬರ್ ಎರಡರ ಮಗುವಿನದು ಮೊದಲು. ಇಷ್ಟನ್ನು ಬಹಿರಂಗವಾಗಿ ಬರೆಯಲು ಕಾರಣ ಒಂದೇ. ಇನ್ನು ಹತ್ತೊಂಬತ್ತು ದಿನ ನೀವು ಏನೂ ಮಾಡದೆ ಸುಮ್ಮನೆ ಕೂತರೆ ಸಾಕು, ನಿಮ್ಮ ಕಂಪ್ಯೂಟರ್ ಹೇಳಿದ್ದೇ ನಿಜವಾಗಿಬಿಡುತ್ತದೆ. ಆಮೇಲೆ ಪರಿಶೀಲಿಸಿದರೆ ಯಾರಿಗೂ ಯಾವ ದೋಷವೂ ಕಂಡುಬರುವುದಿಲ್ಲ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಏಳು ತಿಂಗಳು ಮೊದಲೇ ಅಜ್ಜನಾದ,
ಒಬ್ಬ ಕರಡು ತಿದ್ದುವವ