ಪ್ರೇಕ್ಷಕರ ಬಲಗಡೆ

ಏಪ್ರಿಲ್ 9, 1967. ಭಾನುವಾರ. ಅಹಮದಾಬಾದ್

ಈ ಭಾನುವಾರವೂ ಸಾಬರಮತಿ ಮರಳಿನ ಮೇಲೆ ಗುಜರಿ ಬಜಾರು. ತುಕ್ಕು, ಹರಕು ಟೈರು, ಬಾಯಿಲ್ಲದ ಗ್ರಾಮಫೋನು... ಕೊನೆಗೂ ಸಿಕ್ಕಿತು! ಹಳೆಯ ಕಾರೊಂದರ ಸ್ಟಿಯರಿಂಗ್ ಪೆಟ್ಟಿಗೆ. ಚಕ್ರ, ಕಂಬ, ಕೆಳಗೆ ಇಳಿಬಿದ್ದ ಕಬ್ಬಿಣದ ತೋಳು, ಎಲ್ಲ ಸಮೇತ. ಒಳಗಿನ ಹಲ್ಲು ಸವೆದಿಲ್ಲ. ಎತ್ತಿ ಹಿಡಿದು "ಬಂದೆಯಾ, ಸಾರಥಿಯ ಬಲಗೈಯೇ!" ಎಂದುಬಿಟ್ಟೆ. ನಾಟಕ ಕಂಪನಿಯಲ್ಲಿ ಭೀಮನಾಗಿ ಗರ್ಜಿಸಿದ ಅಪ್ಪನ ಗಂಟಲು ನನ್ನದು. ಜನ ಸೇರಿದರು. ಮೆಲ್ಲಗೆ ಮಾತಾಡು, ತೆಗೆದುಕೊಂಡು ಹೋಗು ಎಂದು ಅಂಗಡಿಯವನಿಗೆ ಗಾಬರಿ — "ಧೀಮೆ ಬೋಲೋ ಭಾಯಿ, ಲಈ ಜಾವ್, ಲಈ ಜಾವ್."

ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಡೋದೆಗೆ ಬಂದೆ. ಹೆಂಡತಿ ಕಮಲಾಕ್ಷಿ ನೋಡಿ ನಕ್ಕಳು. ನಗುವಾಗಲೂ ಎದೆ ಹಿಡಿದುಕೊಳ್ಳುತ್ತಾಳೆ. ಹೃದಯದ ಕವಾಟ ಕೆಟ್ಟಿದೆ. ನಡೆಯಬಾರದು, ಬಸ್ಸು ಹತ್ತಬಾರದು, ಘೋಡಾಗಾಡಿಯ ಕುಲುಕಾಟ ಕೂಡದು — ಡಾಕ್ಟರ ಆಜ್ಞೆ. ಅವಳು ಕಲಿಸುವ ಶಾಲೆ ನದಿಯಾಚೆ. ಜೂನ್ 12ಕ್ಕೆ ಬಾಗಿಲು ತೆರೆಯುತ್ತದೆ. ಅಂದು ಬರದಿದ್ದರೆ ಗಣಿತದ ಟೀಚರ್ ಬೇರೆಯವರು ಎಂದು ಹೆಡ್‌ಮಿಸ್ಟ್ರೆಸ್ ಹೇಳಿಯಾಗಿದೆ.

ಕಾರು ಕೊಳ್ಳುವ ಯೋಗ್ಯತೆ ನನಗೆಲ್ಲಿ? ರೈಲು ಡಬ್ಬಿಗಳ ದೀಪ, ಬ್ಯಾಟರಿ ನೋಡಿಕೊಳ್ಳುವವನು. ಗೊತ್ತಿರುವುದು ಅದೊಂದೇ. ಆದ್ದರಿಂದ ಬ್ಯಾಟರಿಯಲ್ಲೇ ಓಡುವ ಕಾರು. ಮಾತು ಕೊಟ್ಟಿದ್ದೇನೆ. ದೊಡ್ಡ ಗಂಟಲಲ್ಲಿ.

ಏಪ್ರಿಲ್ 23. ಸೂರತ್

ಮಿಲ್ಲಿನಲ್ಲಿ ಬಟ್ಟೆಯ ಗಂಟು ಎಳೆಯುತ್ತಿದ್ದ ಟ್ರಾಲಿಯ ಮೋಟಾರು ಸಿಕ್ಕಿತು. ಬ್ಯಾಟರಿಗೆ ತಂತಿ ಮುಟ್ಟಿಸಿದೆ. ತಿರುಗಿತು, ಸದ್ದೇ ಇಲ್ಲ! ಬೆಕ್ಕು ನಡೆದಂತೆ. ಗೇರ್ ಬೇಡ, ಕ್ಲಚ್ ಬೇಡ. ಹಿಂದಿನ ಒಂದು ಚಕ್ರಕ್ಕೆ ಮಾತ್ರ ಚೈನ್. ಎರಡಕ್ಕೂ ಕೊಟ್ಟರೆ ತಿರುವಿನಲ್ಲಿ ಒಂದು ಚಕ್ರ ಇನ್ನೊಂದನ್ನು ಎಳೆದಾಡುತ್ತದೆ.

ಒಂದೇ ಚಕ್ರ ತಳ್ಳಿದರೆ ಕಾರು ಓರೆಯಾಗಿ ಓಡೀತೇ? ಚೈನ್ ಕಳಚಿದರೆ? ಸೇತುವೆಯ ಮೇಲೆ ಕಳಚಿದರೆ? ಊಟ ಸೇರಲಿಲ್ಲ.

ಮೇ 4. ಬಡೋದೆ

ಅಲ್ಕಾಪುರಿಯಲ್ಲಿ ಜನಾರ್ದನನ ಉಡುಪಿ ಹೋಟೆಲು. ಅದರ ಹಿತ್ತಲೇ ನನ್ನ ಕಾರ್ಖಾನೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಇಡೀ ಕಾರಿನ ನಕ್ಷೆ ಬರೆದೆ. ವೆಲ್ಡರ್ ಛಗನ್ ಅದನ್ನೇ ನೋಡಿ ಕಾರಿನ ತಳದ ಚೌಕಟ್ಟು, ಅಂದರೆ ಚಾಸಿ, ಕತ್ತರಿಸಿದ, ಬೆಸೆದ. ಇಂದು ಸ್ಟಿಯರಿಂಗ್ ಕೂರಿಸಹೋದರೆ — ಅಯ್ಯೋ ವಿಧಿಯೇ! ಅದರ ಜಾಗ ಎಡಗಡೆಗೆ ಬಂದಿದೆ!

ತಪ್ಪು ಯಾರದು? ನನ್ನದೇ. ರಂಗಸಜ್ಜಿಕೆಯ ನಕ್ಷೆ ಬರೆಯುವಂತೆ ಬರೆದಿದ್ದೇನೆ, ಪ್ರೇಕ್ಷಕರ ಕಡೆಯಿಂದ. ಕಾರಿನ ಮೂತಿ ನನ್ನ ಕಡೆಗೆ. ಪ್ರೇಕ್ಷಕರ ಬಲ ಎಂದರೆ ಒಳಗೆ ಕೂತವನ ಎಡ. ಕಂಪನಿಯ ಪರದೆಗಳ ನಡುವೆ ಬೆಳೆದವನಿಗೆ ಇದು ತಿಳಿಯಬೇಡವೇ?

ನಮ್ಮ ರಸ್ತೆಗೆ ಚಾಲಕ ಬಲಗಡೆಯೇ ಕೂರಬೇಕು. ಎಡಕ್ಕೆಂದು ಕತ್ತರಿಸಿದ ಚಾಸಿಯ ಬಲಗಡೆ ಪೆಟ್ಟಿಗೆ ನೆಟ್ಟಗೆ ಕೂರುವುದಿಲ್ಲ. ಮಗುಚಿದರೆ ಕೂರುತ್ತದೆ. ಮಗುಚಿದೆ. ತೋಳು ಆಕಾಶ ನೋಡಿತು. ಬಿಚ್ಚಿ ನೆಲ ನೋಡುವಂತೆ ಹಾಕಿದೆ. ಸರಿಹೋಯಿತು. ಬ್ಯಾಟರಿಗಳ ತಟ್ಟೆಯನ್ನು ಅದರ ಮೇಲೆಯೇ ಬೆಸೆಯಲು ಛಗನ್‌ಗೆ ಹೇಳಿದ್ದೇನೆ.

ಮೇ 27

ಮೊದಲ ಓಟ. ಚೈನ್ ಗಟ್ಟಿ. ಮೋಟಾರು ಗಟ್ಟಿ. ಹಿತ್ತಲಲ್ಲಿ ನಾಲ್ಕು ಮಾರು ಹೋದೆ... ಗೋಡೆ ಬಂತು, ಬಲಕ್ಕೆ ತಿರುಗಿಸಿದೆ. ಕಾರು ಎಡಕ್ಕೆ ಹೋಗಿ ಇದ್ದಿಲ ರಾಶಿಗೆ ನುಗ್ಗಿತು.

ಜನಾರ್ದನ ದೋಸೆ ಸೌಟು ಹಿಡಿದೇ ಓಡಿ ಬಂದ. "ಎಂತ ಮಾರಾಯ್ರೆ! ನೀವು ಬಲಕ್ಕೆ ತಿರುಗ್ಸಿದ್ದು, ಇದು ಎಡಕ್ಕೆ ಹೋಯ್ತಲ್ಲ! ಕನ್ನಡ ಬರುದಿಲ್ವಾ ಇದಕ್ಕೆ?"

ನಗು ಬರಲಿಲ್ಲ. ಮಗುಚಿದ ಪೆಟ್ಟಿಗೆ! ತೋಳನ್ನು ತಿರುಗಿಸಿ ಹಾಕಿದಾಗಲೇ ಎಡಬಲ ಅದಲುಬದಲು. ಈಗ ಬಿಚ್ಚಬೇಕಾದರೆ ತಟ್ಟೆ ಕತ್ತರಿಸಬೇಕು, ಚಾಸಿ ಕತ್ತರಿಸಬೇಕು. ಛಗನ್ ಮದುವೆಗೆಂದು ಊರಿಗೆ ಹೋಗಿದ್ದಾನೆ. ಜೂನ್ ಕೊನೆಗೆ ಬರುತ್ತಾನಂತೆ. ಬೇರೆ ವೆಲ್ಡರ್ ನೋಡಿ ಆಗದೆಂದು ತಲೆಯಾಡಿಸಿ ಹೋದ.

ಮೇ 30

ಒಂದು ಉಪಾಯ. ಕಾರು ಬದಲಾಗದಿದ್ದರೆ ನಾನೇ ಬದಲಾಗುತ್ತೇನೆ! ಕನ್ನಡಿ ನೋಡಿ ಮೀಸೆ ಅಂಟಿಸಿಕೊಂಡು ಬೆಳೆದ ಕೈ ಇದು. ಕನ್ನಡಿಯ ಎಡಬಲಕ್ಕೆ ಹೆದರುತ್ತದೆಯೇ? ಮೇಲಾಗಿ ಜನ್ಮದಲ್ಲಿ ಕಾರು ಓಡಿಸಿದವನಲ್ಲ. ಮರೆಯಬೇಕಾದದ್ದು ಏನೂ ಇಲ್ಲ. ದಿನ ಪೂರ್ತಿ ಹಿತ್ತಲಲ್ಲಿ ಸುತ್ತಿದೆ. ಎಡ ಬೇಕಾದರೆ ಬಲ. ಬಲ ಬೇಕಾದರೆ ಎಡ. ಸಂಜೆಗೆ ಕೈ ಒಪ್ಪಿತು.

ಕಮಲಾಕ್ಷಿಗೆ ಹೇಳಿಲ್ಲ. ಹೇಳಿದರೆ ಹತ್ತುವುದಿಲ್ಲ. ಜನಾರ್ದನನ ಬಾಯಿಗೂ ಬೀಗ. "ನಾ ಹೇಳುದಿಲ್ಲ. ಆದ್ರೆ ನಾ ಹತ್ತುದೂ ಇಲ್ಲ" ಎಂದ.

ಜೂನ್ 6

ವಿಶ್ವಾಮಿತ್ರಿ ಸೇತುವೆ ದಾಟಿ ಶಾಲೆಯವರೆಗೆ ಹೋಗಿ ಬಂದೆ. ಕಾಲಾ ಘೋಡಾ ಪ್ರತಿಮೆಯ ಬಳಿ ಒಂಟೆಗಾಡಿ ಅಡ್ಡ ಬಂತು. ಆ ಕ್ಷಣ ಕೈ ಯಾವ ಕಡೆ ಹೋಯಿತೋ ನೆನಪಿಲ್ಲ. ಕಾರು ನಿಂತಿತ್ತು. ಒಂಟೆ ನನ್ನನ್ನೇ ನೋಡುತ್ತಿತ್ತು. ಬೆವರಿನಿಂದ ಕೈಯಲ್ಲಿ ಸ್ಟಿಯರಿಂಗ್ ಜಾರುತ್ತಿತ್ತು.

ಶಾಂತವಾಗಿದ್ದಾಗ ಪಾತ್ರ ನೆನಪಿರುತ್ತದೆ. ಬೆಚ್ಚಿಬಿದ್ದಾಗ? ಅಪ್ಪ ಒಮ್ಮೆ ಗದೆ ಜಾರಿ ಕಾಲ ಮೇಲೆ ಬಿದ್ದಾಗ ಭೀಮನನ್ನು ಮರೆತು "ಯವ್ವಾ!" ಎಂದು ಕೂಗಿದ್ದ.

ಜೂನ್ 12. ಸೋಮವಾರ

ಕರೆದುಕೊಂಡು ಹೋದೆ! ಕರೆದುಕೊಂಡು ಬಂದೆ!

ಹುಡುಗಿಯರು ಗೇಟಿನಲ್ಲಿ ಮುತ್ತಿಕೊಂಡರು. ಕಮಲಾಕ್ಷಿ ರಾಣಿಯಂತೆ ಇಳಿದಳು. ಮುಖದಲ್ಲಿ ಎಷ್ಟು ದಿನದ ಮೇಲೆ ಆ ಕಳೆ! ನಾನು "ಮಹಾಜನಗಳೇ, ಪೆಟ್ರೋಲಿಲ್ಲದ ರಥವಿದು!" ಎಂದು ಶುರುಮಾಡಿದೆ.

"ರೀ, ಮೆಲ್ಲಗೆ. ಕಾರು ಸದ್ದು ಮಾಡಲ್ಲ ಅಂತ ನೀವು ಮಾಡ್ಬೇಕಾಗಿಲ್ಲ."

ವಾಪಸು ಬರುವಾಗ ಕೇಳಿದಳು: "ಯಾಕ್ರೀ ಹಾಗೆ ಬಿಗಿಯಾಗಿ ಕೂತಿದ್ದೀರಿ? ಪರೀಕ್ಷೆ ಬರೆಯೋ ಮಗು ಥರ?" ನಕ್ಕೆ. ನಗುತ್ತಲೇ ಎಡಕ್ಕೆಂದು ಬಲಕ್ಕೆ ತಿರುಗಿಸಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಸದ್ಯ.

ಜೂನ್ 18. ಭಾನುವಾರ

ಜಗಳ.

ತಾನೇ ಓಡಿಸುತ್ತೇನೆ ಎಂದಳು. ಮೈಸೂರಿನಲ್ಲಿ ಅವಳಪ್ಪನಿಗೆ ಆಸ್ಟಿನ್ ಕಾರಿತ್ತು. ಮದುವೆಗೆ ಮುಂಚೆ ಚಾಮುಂಡಿಬೆಟ್ಟದ ತಿರುವುಗಳಲ್ಲೆಲ್ಲ ಓಡಿಸಿದವಳು. "ನಿಮಗಿಂತ ಚೆನ್ನಾಗಿ ಓಡಿಸ್ತೀನಿ. ಡ್ಯೂಟಿ ಬಿಟ್ಟು ನೀವು ದಿನಾ ಬರೋದು ಎಷ್ಟು ದಿನ ನಡೆಯತ್ತೆ?"

ಬೇಡ ಎಂದೆ. ಆಯಾಸ ಆದೀತು ಎಂದೆ. ಬಾಯಿಗೆ ಬಂದ ಸುಳ್ಳೆಲ್ಲ ಹೇಳಿದೆ.

"ಕಾಯಿಲೆ ಇರೋದು ಹೃದಯಕ್ಕೆ, ಕೈಗಲ್ಲ" ಎಂದಳು. ಆಮೇಲೆ ಮೆಲ್ಲಗೆ: "ಡಾಕ್ಟರು ನಡೀಬೇಡ ಅಂದ್ರು, ಹತ್ತಬೇಡ ಅಂದ್ರು. ಈಗ ನೀವೂ ಶುರುಮಾಡಿದ್ರಾ?"

ಆಗಲೇ ಹೇಳಬಹುದಿತ್ತು. ಊರಿಗೆಲ್ಲ ಕೇಳುವ ಗಂಟಲು ನನ್ನದು, ಹೇಳಲಿಲ್ಲ. ಆ ಚಾಮುಂಡಿಬೆಟ್ಟದ ಕೈ! ನನ್ನ ಕೈಗೆ ಮರೆಯಲು ಏನೂ ಇರಲಿಲ್ಲ. ಅವಳ ಕೈಗೆ ಎಲ್ಲ ನೆನಪಿದೆ. ಸರಿಯಾಗಿ ನೆನಪಿದೆ. ಅದೇ ಭಯ.

ಜೂನ್ 19. ಸೋಮವಾರ. ಬೆಳಿಗ್ಗೆ

ನಿರ್ಧರಿಸಿದೆ. ಇಂದು ಹೇಳಿಬಿಡುತ್ತೇನೆ. ಹತ್ತುವ ಮೊದಲು, ಕೆಳಗೆ ಕಾರಿನ ಹತ್ತಿರವೇ. ಛಗನ್ ಬರುವವರೆಗೆ ನಾನೇ ಓಡಿಸುತ್ತೇನೆ, ಇಷ್ಟವಿಲ್ಲದಿದ್ದರೆ ಹತ್ತಬೇಡ ಎನ್ನುತ್ತೇನೆ. ಬೈಯಲಿ. ನಾಟಕದ ಮಾತು ಬೇಡ. ಬರಿಯ ಮಾತಿನಲ್ಲಿ — ಕಮಲಾ, ತಪ್ಪಾಗಿದೆ, ಇದರ ಎಡಬಲ ಅದಲುಬದಲಾಗಿದೆ. ಅಷ್ಟೇ. ಬರೆದು ನೋಡಿದರೆ ಎಷ್ಟು ಚಿಕ್ಕ ಮಾತು.

ಮೊದಲ ಮಳೆ ಬಿದ್ದು ನಿಂತಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿಲ್ಲ. ಊಟದ ಡಬ್ಬಿ ಕಾರಿನಲ್ಲಿ ಇಟ್ಟು ಬರುತ್ತೇನೆಂದು ಕೆಳಗಿಳಿದಳು. ಆಗಲೇ ಹೊತ್ತಾಯಿತು. ಮೆಟ್ಟಿಲು ಹತ್ತುವುದು ಅವಳಿಗೆ ನಿಧಾನ.

ಬಾಗಿಲ ಪಕ್ಕದ ಮೊಳೆಯಲ್ಲಿ ಕಾರಿನ ಕೀಲಿ ಇಲ್ಲ.

ಕಿವಿಗೊಟ್ಟು ಕೇಳುತ್ತಿದ್ದೇನೆ. ಕೆಳಗೆ ಏನೂ ಕೇಳುತ್ತಿಲ್ಲ. ಕೇಳುವುದಾದರೂ ಹೇಗೆ? ಸದ್ದೇ ಬರದ ಹಾಗೆ ಮಾಡಿದವನು ನಾ—